ಉಳಿ ಮುಟ್ಟದ ಕಲ್ಲುಗಳು

ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳ ಮೊದಲ ಪಾಳಿಯ ಭೋಂಗಾ ಇನ್ನೂ ಕೂಗಿಲ್ಲ. ಮಹಾಪೆಯ ಹಿಂದಿನ ಗುಡ್ಡದಲ್ಲಿ ಕಾಶವ್ವನ ಕುಲುಮೆ ಆಗಲೇ ಕೆಂಪಗಾಗಿದೆ. ಕಾದ ಉಳಿಯ ತುದಿಯನ್ನು ಬಡಿದು ಚೂಪು ಮಾಡಿ, ಡಾಲ್ಡಾ ಡಬ್ಬದ ನೀರಿಗೆ ಒಮ್ಮೆ ಮುಟ್ಟಿಸಿ ತೆಗೆಯುತ್ತಾಳೆ. ಕಬ್ಬಿಣದ ಮೇಲೆ ಹಳದಿ ಬಣ್ಣ ಹರಿದು ಬರುವವರೆಗೆ ಕಾಯುತ್ತಾಳೆ. ಅದು ನೀಲಿಗೆ ತಿರುಗುವ ಮೊದಲೇ ಮತ್ತೆ ನೀರು. ಚುಂಯ್ ಎಂದು ಹಬೆ ಏಳುತ್ತದೆ.

“ದೊಡ್ಡವ್ವ, ನಂದು ಮೊದ್ಲ ಕೊಡ. ಮುಕಾದಮ ಹಲ್ಲು ಕಡೀಲಿಕ್ಕತ್ತಾನ” ಎಂದು ತಂಗಿಯ ಮಗ ಬಾಳಪ್ಪ ಅವಸರ ಮಾಡುತ್ತಾನೆ.

“ಅವನ ಹಲ್ಲೂ ಕಿತ್ತುಕೊಂಡ ಬಾ, ಚೂಪು ಮಾಡಿ ಕೊಡ್ತೀನಿ.”

ಸಾಲಿನಲ್ಲಿ ನಿಂತವರು ನಗುತ್ತಾರೆ. ನಗು ಕೆಮ್ಮಾಗುತ್ತದೆ. ಇಲ್ಲಿ ಎಲ್ಲರ ನಗುವೂ ಕೊನೆಗೆ ಅಲ್ಲಿಗೇ ಬಂದು ಮುಟ್ಟುತ್ತದೆ.

ಬಿಜಾಪುರ ಜಿಲ್ಲೆಯ ಹುನಗುಂದ, ಇಳಕಲ್ಲು ಕಡೆಯ ಕಲ್ಲುಕೆಲಸದ ಮನೆಗಳು ಈ ಗುಡ್ಡದ ಬುಡಕ್ಕೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಸಮುದ್ರದ ಖಾಡಿಯಾಚೆ ಹೊಸ ಊರು ಕಟ್ಟುತ್ತಾರಂತೆ, ಎಷ್ಟು ಖಡಿ ಒಡೆದರೂ ಸಾಲದಂತೆ ಎಂಬ ಸುದ್ದಿ ಕೇಳಿ ಗಂಟುಮೂಟೆ ಕಟ್ಟಿದವರು ಅವರು. ವಾಶಿಯ ಬಿಲ್ಡಿಂಗುಗಳ ಪಾಯ, ಡೊಂಬಿವಲಿಯ ಸೊಸೈಟಿಗಳ ಗಚ್ಚು, ರೈಲು ಹಳಿಯ ಕೆಳಗಿನ ಜಲ್ಲಿ, ಎಲ್ಲದರಲ್ಲೂ ಈ ಗುಡ್ಡದ ಪಾಲಿದೆ. ಈಗ ಎಂಬತ್ತೈದನೆಯ ಇಸವಿ. ಗುಡ್ಡ ಅರ್ಧಕ್ಕರ್ಧ ಕರಗಿದೆ. ಒಡೆದವರ ಗುಡಿಸಲುಗಳಿಗೆ ಮಾತ್ರ ಇಂದಿಗೂ ತಗಡೇ ಗೋಡೆ.

ಕುಲುಮೆ ಮೊದಲು ಕಾಶವ್ವನ ಗಂಡ ಮಾನಪ್ಪನದು. ಕ್ರಷರಿನ ಧೂಳು ಕುಡಿದು ಕುಡಿದು ಅವನ ಎದೆಯೇ ಕಲ್ಲಾಯಿತು. ಅವನ ದಿನಗಳು ಮುಗಿದ ಮೇಲೆ ತಿದಿ ಒತ್ತುತ್ತಿದ್ದವಳು ಸುತ್ತಿಗೆಯನ್ನೂ ಎತ್ತಿಕೊಂಡಳು. ಹೆಂಗಸು ಹದ ಮಾಡಿದ ಉಳಿ ಕಲ್ಲಿಗೆ ಬಾಯಿ ಹಾಕುವುದಿಲ್ಲ ಎಂದು ಗಂಡಸರು ಮೂದಲಿಸಿದರು. “ಹಾಕ್ಲಿಲ್ಲಂದ್ರ ನೀವಽ ಹಾಕ್ರಿ ಅಂದೆ,” ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾಳೆ. ಈಗ ದಿನಕ್ಕೆ ನೂರರ ಮೇಲೆ ಉಳಿಗಳು ಅವಳ ಕೈಯಲ್ಲಿ ಹಾದುಹೋಗುತ್ತವೆ.

ಮಾನಪ್ಪ ಮಲಗಿರುವುದು ಖದಾನಿನ, ಎಂದರೆ ಕಲ್ಲುಗಣಿಯ, ಉತ್ತರಕ್ಕಿರುವ ಇಳಿಜಾರಿನಲ್ಲಿ. ಗುಡ್ಡದಲ್ಲಿ ಮಣ್ಣು ಉಳಿದಿರುವುದು ಅಲ್ಲಷ್ಟೇ. ಬಂಡೆ ಉರುಳಿ ಸತ್ತವರು, ಬಂಡೆಗೆ ತುಂಬಿದ ಸುರುಂಗದ ಮದ್ದು ಸಿಡಿದು ಸತ್ತವರು, ಕೆಮ್ಮಿ ಸತ್ತವರು, ಹೆರಿಗೆಯಲ್ಲಿ ಹೋದ ನೆರೆಮನೆಯ ಈರವ್ವ, ಎಲ್ಲರೂ ಅಲ್ಲೇ. ಊರೂರಿಗೆ ಕಲ್ಲು ಕಡಿದುಕೊಡುವ ಈ ಜನ ತಮ್ಮವರ ತಲೆದೆಸೆಗೆ ಮಾತ್ರ ಕಡಿದ ಕಲ್ಲು ಇಡುವುದಿಲ್ಲ. ಹಳ್ಳದಿಂದ ಹೊತ್ತು ತಂದ ಒರಟು ಕಲ್ಲನ್ನು ಹಾಗೇ ನಿಲ್ಲಿಸುತ್ತಾರೆ. “ಜೀವಮಾನ ಪೂರ್ತಿ ಕಬ್ಬಿಣದ ಸಪ್ಪಳಾನ ಕೇಳ್ಯಾರ. ಸತ್ತ ಮ್ಯಾಲರೆ ಉಳಿ ಮುಟ್ಟಬಾರದು ಅಂತ,” ಎನ್ನುತ್ತಾಳೆ ಕಾಶವ್ವ.

ಈ ವರ್ಷ ಬೇಸಿಗೆಯಲ್ಲಿ ಖದಾನಿನ ಗುತ್ತಿಗೆದಾರ ಆ ಇಳಿಜಾರನ್ನೂ ಒಡೆಯಲು ಸರಕಾರವನ್ನು ಕೇಳಿದ. ಸ್ಮಶಾನವಿದ್ದರೆ ಬಿಡುತ್ತೇವೆ ಎಂದು ಸರ್ವೆಯ ಸಾಹೇಬರು ನೋಡಲು ಬಂದರು. ಅಡ್ಡಾಡಿದರು, ಕಲ್ಲುಗಳ ನಡುವೆಯೇ ನಿಂತು ಕೇಳಿದರು: “ಕುಠೆ ಆಹೇ ಸ್ಮಶಾನ? ಹೇ ತರ ನುಸ್ತೇ ದಗಡ್.” ಎಲ್ಲಿದೆ, ಇವು ಬರೀ ಕಲ್ಲುಗಳಲ್ಲವೇ ಎಂದು. ಮುಂದಿನ ವಾರ ಮತ್ತೆ ಬರುವುದಾಗಿ ಹೇಳಿ ಹೋದರು.

ಗುಡಿಸಲುಗಳ ವಸ್ತಿಗೆ ದಿಗಿಲು ಹತ್ತಿತು. ಕೂಲಿಗಳ ಮೇಸ್ತ್ರಿ, ಮುಕಾದಮ ಮುರುಗೆಪ್ಪ ಅವರ ಪೈಕಿಯವನೇ. “ಅಕ್ಕಾ, ಓದಿದವ್ರಿಗೆ ಅಕ್ಷರ ಬೇಕು. ಹೆಸರು ಕೆತ್ತಿಬಿಡೂಣು” ಎಂದ. ಅದು ನಮ್ಮ ಪದ್ಧತಿಯಲ್ಲ ಎಂದಳು ಕಾಶವ್ವ. “ಪದ್ಧತಿ ಹಿಡ್ಕೊಂಡ ಕುಂತ್ರ ಭಾವನ ಎಲುವು ಕ್ರಷರಿಗೆ ಹೊಕ್ಕಾವು, ನೋಡ ಮತ್ತ” ಎಂದ ಅವನು. ಕೆತ್ತುವ ಸಣ್ಣ ಉಳಿಗಳನ್ನೆಲ್ಲ ಅವಳೇ ಕಾಯಿಸಿ ಕೊಟ್ಟಳು.

ಕೆಟ್ಟದಾಗಿ ಕೆಲಸ ಮಾಡುವುದು ಕಲ್ಲು ಕಡಿಯುವ ಆ ಜನರ ಕೈಗಳಿಗೆ ಗೊತ್ತಿಲ್ಲ. ಅಂಚು ನೇರ, ಮುಖ ಸಪಾಟು, ಒಂದೊಂದು ಅಕ್ಷರವೂ ಮುತ್ತು. ಹೊಸ ಕಲ್ಲು ನಿಲ್ಲಿಸಲು ಜಾಗ ಬೇಕಲ್ಲ, ಪಾಚಿ ಹಿಡಿದ ಹಳೆಯ ಕಲ್ಲುಗಳನ್ನು ಕಿತ್ತರು. ಕಿತ್ತವನ್ನು ಎಲ್ಲಿಡಬೇಕೆಂದು ಯಾರೂ ಯೋಚಿಸಲಿಲ್ಲ. ಕಲ್ಲೆಂದರೆ ರಾಶಿಗೆ ಹಾಕುವುದು ಅಭ್ಯಾಸ; ಹಾಕಿದರು. ರಾಶಿಯನ್ನು ಕ್ರಷರು ನುಂಗಿತು.

ಸಾಹೇಬರು ಬಂದು ಮೊದಲ ಕಲ್ಲಿನ ಮೇಲೆ ಬೆರಳೆಳೆದರು. ಬೆರಳಿಗೆ ಬಿಳಿ ಹುಡಿ ಹತ್ತಿತು. ಅಕ್ಷರಗಳನ್ನು ಓದಲಿಲ್ಲ. “ಅರೇ, ಇದು ನಿನ್ನೆ ಮೊನ್ನೆ ಕಡಿದದ್ದು! ನನ್ನನ್ನು ಹುಚ್ಚ ಅಂದ್ಕೊಂಡ್ರಾ?” ಎಂದು ಮರಾಠಿಯಲ್ಲಿ ರೇಗಿ, ಜೀಪು ಹತ್ತಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಇಳಿಜಾರು ಗುತ್ತಿಗೆಗೆ ಸೇರಿತು.

“ಅವರ ತಪ್ಪೇನಿಲ್ಲವ್ವ. ಕಲ್ಲು ಹೊಸದಿತ್ತು, ಹೊಸದು ಅಂದ್ರು,” ಎನ್ನುತ್ತಾಳೆ ಕಾಶವ್ವ. “ಖರೇವು ನಮ್ಮ ಕೈಯಾಗ ಇದ್ದೂವು. ನಾವಽ ಕಿತ್ತು ಒಗದ್ವಿ. ಮಾನಪ್ಪನ ಕಲ್ಲು ಈಗ ಯಾವ ರೋಡಿನಾಗ ಐತೋ. ಅದರ ಮ್ಯಾಲಿನಿಂದ ಬಸ್ಸು ಹೋಗ್ತಿರಬೇಕು.” ಮುರುಗೆಪ್ಪ ಆಮೇಲೆ ಕುಲುಮೆಯ ಕಡೆಗೆ ಸುಳಿದಿಲ್ಲ. ಉಳಿಗಳನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಾನೆ.

ಇಂದು ಬಾಳಪ್ಪ ತಂದಿರುವುದು ಆ ಇಳಿಜಾರಿನಲ್ಲಿ ಸುರುಂಗದ ತೂತು ಕೊರೆಯುವ ಉದ್ದನೆಯ ಉಳಿಗಳು. ಅವು ಎಲ್ಲಿಗೆಂದು ಅವಳಿಗೂ ಗೊತ್ತು. ಅವನು ಕಾಲಿನಿಂದ ಮಣ್ಣು ಕೆದಕುತ್ತ ನಿಲ್ಲುತ್ತಾನೆ. ನೀರು ಹೆಚ್ಚು ಕುಡಿಸಿದರೆ ಸಾಕು, ಉಳಿಯ ಮೂತಿ ಮೊದಲ ಪೆಟ್ಟಿಗೇ ಮುರಿಯುತ್ತದೆ. ಕೆಲಸ ನಿಲ್ಲುತ್ತದೆ. ಹಾಗೆ ಮಾಡಬೇಕೆಂದು ಅನಿಸಲಿಲ್ಲವೇ ಎಂದು ಕೇಳುತ್ತೇನೆ.

“ಅನಿಸ್ತು. ಮುರದ ಚೂರು ಎಲ್ಲಿ ಹಾರತದ? ಇವನ ಕಣ್ಣಿಗೆ. ಸತ್ತವ್ರನ್ನ ಉಳಸಾಕ ಹೋಗಿ ಇದ್ದಾಂವನ್ನ ಕುರುಡ ಮಾಡ್ಲೇನು?”

ಹದ ನೋಡಿ, ಹಳದಿ ಕಾದು, ನೀರಿಗೆ ಮುಟ್ಟಿಸಿ, ಒಂದೊಂದೇ ಉಳಿಯನ್ನು ಅವನ ಕೈಗಿಡುತ್ತಾಳೆ. ಎಲ್ಲ ಮುಗಿದ ಮೇಲೆ ಅವನ ತೋಳು ಹಿಡಿದು ನಿಲ್ಲಿಸಿಕೊಂಡು ಹೇಳುತ್ತಾಳೆ:

“ಬತ್ತಿ ಹಚ್ಚೂಕಿಂತ ಮೊದ್ಲ ಕೆಂಪು ಬಾವುಟಾ ಬೀಸಿ, ಎಲ್ಲಾರೂ ದೂರ ಸರೀರಿ ಅಂತ ಕೂಗ್ತೀರಲ್ಲ? ಇಳಿಜಾರಿಗೆ ಹಚ್ಚೂ ದಿನ ಆ ಕಡೆ ಮಾರಿ ಮಾಡಿ ಇನ್ನೊಮ್ಮೆ ಕೂಗೊ, ಬಾಳ್ಯಾ. ಅಲ್ಲಿ ಮಲಗಿದವ್ರ ಹೆಸರು ಹಿಡದು ಕೂಗು. ನಿಮ್ಮ ದೊಡ್ಡಪ್ಪಗ ಕೆಮ್ಮಿನಾಗ ಲಗೂನ ಏಳಾಕ ಆಗೂದಿಲ್ಲ.”