ಕ್ಷಮೆಗೆ ಮನೆಮಾತು

ಮಡಕಶಿರಾ ಕಡೆಯಿಂದ ಮದುವೆಯಾಗಿ ರಾಯದುರ್ಗಕ್ಕೆ ಬಂದ ಹೊಸತರಲ್ಲಿ ಇಲ್ಲಿಯವರ ಮಾತು ಕೇಳುವುದೇ ನನಗೊಂದು ಕುತೂಹಲ. ನಮ್ಮದು ಬಟ್ಟೆ ಹೊಲಿಯುವ ಮನೆ. ಶನಿವಾರ ಸಂಜೆ ಮಷಿನ್ ನಿಲ್ಲಿಸಿ ಅತ್ತೆಯ ಜೊತೆ ಓಣಿಯ ಆಂಜನೇಯನ ಗುಡಿಗೆ ಹೋಗುತ್ತಿದ್ದೆ. ಅಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪುರಾಣ ಓದಿ ಅರ್ಥ ಹೇಳುತ್ತಿದ್ದರು. ಪುಸ್ತಕದ ದೊಡ್ಡ ಮಾತು ಬಂದಾಗಲೆಲ್ಲ, ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಕೂತವರನ್ನು ಕೇಳುವುದು ಅವರ ರೂಢಿ. ಹೇಳಲು ಬಾರದಿದ್ದರೆ ಮುಂದಕ್ಕೆ ಓದುತ್ತಿರಲಿಲ್ಲ.

ಒಂದು ಶನಿವಾರ ‘ಕ್ಷಮೆ’ ಬಂತು. ಯೋಚಿಸಿದರೆ, ಆ ಮಾತನ್ನು ನಾವು ದೇವರ ಮುಂದೆ ಬಿಟ್ಟು ಇನ್ಯಾರ ಮುಂದೆಯೂ ಆಡುವುದಿಲ್ಲ. ಬಿಟ್ಟುಬಿಡುವುದು ಎಂದರೊಬ್ಬರು. ಮರೆಯುವುದು ಎಂದರು ಇನ್ನೊಬ್ಬರು. ಮರೆತ ಮೇಲೆ ಕ್ಷಮಿಸಲು ಉಳಿಯುವುದಾದರೂ ಏನು ಎಂದು ಮೇಷ್ಟ್ರು ಕೇಳಿದರು.

“ಹೊಟ್ಟಿಗೆ ಹಾಕ್ಕೊಳ್ಳೋದ್ರಿ,” ಎಂದರು ನಮ್ಮತ್ತೆ.

ಎಲ್ಲರೂ ತಲೆಯಾಡಿಸಿದರು. ತೆಲುಗು ಮನೆಮಾತಿನ ಪಕ್ಕದ ಮನೆಯಾಕೆ, ತಮ್ಮಲ್ಲಿ ‘ಕಡುಪುಲೋ ಪೆಟ್ಟುಕೋ’, ಅಂದರೆ ಹೊಟ್ಟೆಯಲ್ಲಿ ಇಟ್ಟುಕೋ ಅನ್ನುತ್ತಾರೆ ಎಂದಳು. ನನಗೆ ಸೋಜಿಗ. ಕನ್ನಡದಲ್ಲಿ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಾರೆ ಎಂದರೆ ಸಿಟ್ಟು ಇನ್ನೂ ಹೋಗಿಲ್ಲ ಎಂಬ ಅರ್ಥವೂ ಬರುತ್ತದಲ್ಲ. ತಡೆಯಲಾರದೆ ಕೇಳಿದೆ, “ಹಾಕ್ಕೊಂಡಿದ್ದು ಕರಗೈತೋ, ಅಲ್ಲೇ ಕುಂತೈತೋ, ಹೆಂಗೆ ಗೊತ್ತಾಗೋದು?”

ಹಾಕಿಕೊಂಡವರನ್ನೇ ಕೇಳಬೇಕಮ್ಮ ಎಂದು ಮೇಷ್ಟ್ರು ನಕ್ಕರು. ಅತ್ತೆ ನಗಲಿಲ್ಲ.

ಅವರಿಗೆ ಬೊಮ್ಮನಹಾಳಿನಲ್ಲಿ ಒಬ್ಬ ತಂಗಿ. ಅವರ ತಾಯಿ ತೀರಿಕೊಂಡದ್ದು ಆ ತಂಗಿಯ ಮನೆಯಲ್ಲೇ. ಕಾಯಿಲೆ ಜೋರಾದ ಸುದ್ದಿ ಅತ್ತೆಗೆ ಬರಲೇ ಇಲ್ಲ. ಬಂದದ್ದು ಸಾವಿನ ಸುದ್ದಿ. ಹೊಟ್ಟೆಗೆ ಹಾಕಿಕೊಂಡಿದ್ದೇನೆ ಎಂದು ಅತ್ತೆ ಕೇಳಿದವರಿಗೆಲ್ಲ ಹೇಳುತ್ತಿದ್ದರು. ಆದರೆ ತಿಥಿ ಮುಗಿದ ಮೇಲೆ ಆ ಮನೆಗೆ ಕಾಲಿಟ್ಟಿರಲಿಲ್ಲ.

ಮುಂದಿನ ವಾರ ಅವರೇ ನನ್ನನ್ನೂ ಕರೆದುಕೊಂಡು ಬೊಮ್ಮನಹಾಳ್ ಬಸ್ ಹತ್ತಿದರು. ದಾರಿಯುದ್ದಕ್ಕೂ ಕಾಲುವೆ ನೀರಿನ ಭತ್ತದ ಗದ್ದೆ ನೋಡುತ್ತ ಕೂತರು.

ತಂಗಿ ಗಾಬರಿಯಲ್ಲೇ ಬಾಗಿಲು ತೆಗೆದು, ನೀರು ಕೊಟ್ಟು, ಎದುರಿಗೆ ನಿಂತರು. ಅತ್ತೆ ನೀರು ಕುಡಿದು ಚೊಂಬು ಕೆಳಗಿಟ್ಟರು.

“ಯಾಕ ಹೇಳಿ ಕಳಿಸ್ಲಿಲ್ಲ ನೀನು?”

ಇಷ್ಟು ವರ್ಷ ಈ ಪ್ರಶ್ನೆಯನ್ನು ಊರವರ ಮುಂದೆಲ್ಲ ಆಡಿದ್ದರಂತೆ, ತಂಗಿಯನ್ನು ಮಾತ್ರ ಕೇಳಿರಲಿಲ್ಲ.

ತಂಗಿ ಗೋಡೆಗೊರಗಿ ಕೂತರು. “ಅವ್ವ ಉಳಿಯಾಕಿಲ್ಲ ಅಂತ ಬಾಯಿ ಬಿಟ್ಟು ಹೇಳಿದ್ರ ಖರೇನೇ ಆಗಿಬಿಡ್ತೈತೆ ಅಂತ ಅಂಜಿದ್ನಕ್ಕ. ಫೋನ್ ಕೈಯಾಗ ಹಿಡ್ಕೊಂಡೇ ಕುಂತಿದ್ದೆ.”

ಕ್ಷಮಿಸಿದೆ ಎಂದು ಅತ್ತೆ ಹೇಳಿಯಾರೇನೋ ಎಂದು ಕಾದೆ. ಅವರೋ, ಅವ್ವ ಕೊನೆಗೆ ಏನು ಉಂಡಳು, ಯಾರನ್ನು ಕೇಳಿದಳು ಎಂದು ಒಂದೊಂದಾಗಿ ವಿಚಾರಿಸತೊಡಗಿದರು. ತಂಗಿ ಹೇಳುತ್ತ ಹೋದರು. ಇಬ್ಬರೂ ಅತ್ತರು. ಸಂಜೆ ಬಸ್ಸಿಗೆ ಹೊರಟಾಗ ನೀನು ಹೋಗು, ನಾನು ಆಮೇಲೆ ಬರುತ್ತೇನೆ ಎಂದು ಅತ್ತೆ ಅಲ್ಲೇ ಉಳಿದರು.

ಅವರು ತಿರುಗಿ ಬಂದ ದಿನವೇ ಕೇಳಿದೆ, ಸಿಟ್ಟು ಹೋಯಿತೇ ಎಂದು.

“ಪೂರ್ತಿ ಹೋಗಿಲ್ಲ. ಆದ್ರ ಈಗ ಅಕಿ ಮ್ಯಾಲ ಸಿಟ್ಟು ಬಂದ್ರ ಅಕಿಗೇ ಹೇಳ್ತೀನಿ.”

ಇದಕ್ಕೇನು ಹೆಸರು ಎಂದು ಮೇಷ್ಟ್ರನ್ನು ಕೇಳಬೇಕೆನಿಸಿತ್ತು. ಅಷ್ಟರಲ್ಲಿ ಅತ್ತೆಗೆ ಫೋನ್ ಬಂತು, ಬೊಮ್ಮನಹಾಳಿನ ತಂಗಿಯಿಂದ.