ಭಾವನ ಮನೆಯ ಹಳದಿ

ನನ್ನ ಭಾವ ವಿಶ್ವೇಶ ಭಟ್ಟರಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿಲ್ಲ. ಹಾಗೆಂದು ಅವರೇ ಹೇಳುತ್ತಾರೆ. ಅದರಲ್ಲೂ ಬಣ್ಣದ ಮಾತು ಬಂದರೆ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಮೂವತ್ತು ವರ್ಷಗಳಿಂದ ಪೂಜೆಗಳಿಗೆ ಮಂಡಲ ಬರೆಯುತ್ತ ಬಂದವರು ಅವರು. ಅಕ್ಕಿಹಿಟ್ಟು, ಅರಸಿನ, ಕುಂಕುಮ, ಸೊಪ್ಪಿನ ಪುಡಿ, ಮಸಿ ಇವನ್ನು ಬೆರಳ ಸಂದಿಯಿಂದ ಉದುರಿಸಿ ನೆಲದ ಮೇಲೆ ಕಮಲ ಬಿಡಿಸುತ್ತಾರೆ. ಕೆಲಸ ಚೆನ್ನಾಗಿರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಐದು ಬಣ್ಣ ಬಲ್ಲವನಿಗೆ ಅಷ್ಟೊಂದು ಕೊಬ್ಬು ಬೇಡ.

ನಾನು ಮುಕುಂದ, ಅವರ ಹೆಂಡತಿ ಮನೋರಮಾಳ ತಮ್ಮ. ಬೋಳಾರದಲ್ಲಿ ನಾನು ಮನೆ ಕಟ್ಟಿಸಿದಾಗ ಊಟಕ್ಕೆ ಬಂದ ನೆಂಟರೆಲ್ಲರ ಎದುರು ಭಾವ ನನ್ನ ಗೋಡೆ ನೋಡಿ, "ಎಂತ ಮುಕುಂದ, ಮಗುವಿನ ಹೇಲಿನ ಬಣ್ಣ ಹೊಡೆಸಿದ್ದೀಯಲ್ಲ" ಎಂದಿದ್ದರು. ಎಲೆಯ ಮುಂದೆ ಕುಳಿತವರೆಲ್ಲ ನಕ್ಕರು. ಹನ್ನೊಂದು ವರ್ಷವಾಯಿತು, ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಈ ವರ್ಷ ಕಾವೂರಿನ ತಮ್ಮ ಮನೆಯ ಮೇಲೆ ಭಾವ ಎರಡು ಕೋಣೆ ಏರಿಸಿದರು. ಎರಡಕ್ಕೂ ಹಳದಿಯೇ ಆಗಬೇಕೆಂದು ಅಪ್ಪಣೆಯಾಯಿತು. ಬಣ್ಣ ಮುಗಿದ ಮೇಲೆ ವಾಸ್ತುಪೂಜೆ, ಅದರ ಮಂಡಲ ಅವರದೇ. ಅದಾಗಿ ಹದಿನೈದು ದಿನಕ್ಕೆ ದೇವಸ್ಥಾನದ ದೊಡ್ಡ ಮಂಡಲ. ಅದೊಂದಕ್ಕಾಗಿಯೇ ಊರವರು ಅವರನ್ನು ನಿಂತು ಮಾತಾಡಿಸುವುದು. ಅದೂ ಕೈತಪ್ಪಿದರೆ ಭಾವನಲ್ಲಿ ಉಳಿಯುವುದು ಬಾಯಿ ಮಾತ್ರ.

ಬಣ್ಣಕ್ಕೆ ಬಂದವನು ಬಜಪೆಯ ಇದಿನಬ್ಬ. ಗೋಡೆಯ ಮೂಲೆಯಲ್ಲಿ ಒಂದಡಿ ಚೌಕ ಹೊಡೆದು, ಒಣಗಲು ಬಿಟ್ಟು, ಮರುದಿನ ಬೆಳಕಿನಲ್ಲಿ ತೋರಿಸುವುದು ಅವನ ಕ್ರಮ.

"ಹಳದಿ ಬೇರೆ ಬಣ್ಣದ ಹಾಗಲ್ಲ ಭಟ್ರೇ. ನಾಲ್ಕೂ ಗೋಡೆಗೆ ಹೊಡೆದ್ರೆ ಒಂದರ ಬಣ್ಣ ಇನ್ನೊಂದಕ್ಕೆ ಬಿದ್ದು ಗಾಢ ಕಾಣ್ತದೆ. ಬಣ್ಣದ ಕಾರ್ಡಿನಲ್ಲಿ ಇಷ್ಟ ಆದದ್ದಕ್ಕಿಂತ ಸ್ವಲ್ಪ ತೆಳುವಿನದ್ದು ತಕ್ಕೊಳ್ಳಿ" ಎಂದ.

"ನೀನು ನನಗೆ ಬಣ್ಣ ಕಲಿಸುವುದಾ? ಇದು ಬಿಳಿ ಮಾರಾಯ. ನಾನು ಹೇಳಿದ್ದು ಹಳದಿ" ಎಂದರು ಭಾವ.

ಮೊದಲ ದಿನದ ಚೌಕ ಬೆಣ್ಣೆಯ ಬಣ್ಣದ್ದು, ಅದನ್ನು ಬಿಳಿ ಎಂದರೂ ಹೋಗಲಿ. ಮರುದಿನ ನಿಂಬೆಹಣ್ಣಿನದು, ಅದೂ ಬಿಳಿಯಂತೆ. ಮೂರನೆಯ ದಿನ ಮಾಗಿದ ಬಾಳೆಹಣ್ಣಿನದು. "ಪರವಾಗಿಲ್ಲ, ಇನ್ನೂ ಸ್ವಲ್ಪ ಬೇಕು" ಎಂದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ನಮ್ಮ ಭಾವನಿಗೆ ಹಳದಿಯೆಲ್ಲ ಬಿಳಿ. ಆರನೆಯ ದಿನಕ್ಕೆ ಎರಡೂ ಕೋಣೆಗಳು ನೋಡಿದವರ ಪಿತ್ತ ಕೆದರುವಂತಾದವು. ಅಕ್ಕ ಬಂದಳು, ಕಣ್ಣು ಕಿರಿದು ಮಾಡಿದಳು, "ಚಂದ ಉಂಟು" ಎಂದು ಹೇಳಿ ಕೆಳಗಿಳಿದಳು. ಗಂಡ ಹೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸುವ ಅವಳನ್ನು ಕಂಡು ನನಗೆ ಹೇಸಿಗೆಯೇ ಆಯಿತು.

ಇದಿನಬ್ಬ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದ. "ಮುಕುಂದಣ್ಣ, ಭಟ್ರ ಕಣ್ಣಿಗೆ ಪೊರೆ ಬಂದಿರಬೇಕು. ನನ್ನ ಉಮ್ಮನಿಗೂ ಹೀಗೇ, ಬಿಳಿ ಯಾವುದು ಹಳದಿ ಯಾವುದು ಗೊತ್ತಾಗ್ತಿರಲಿಲ್ಲ. ಸಣ್ಣ ಆಪರೇಷನ್, ಸರಿಯಾಯ್ತು. ನಾನು ಹೇಳಿದ್ರೆ ಅವರು ಕೇಳುವುದಿಲ್ಲ. ನೀವು ಒಂದು ಮಾತು ಹೇಳಿ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ದೇವಸ್ಥಾನದಲ್ಲಿ ಊರವರ ಎದುರೇ ಈ ಮನುಷ್ಯನ ಬಣ್ಣ ಬಯಲಾಗಲಿ ಎಂದು ಆಸೆಪಟ್ಟೆ. ಆದರೆ ಅಷ್ಟು ದಿನ ಕಾಯುವ ತಾಳ್ಮೆಯೂ ನನಗಿರಲಿಲ್ಲ.

ವಾಸ್ತುಪೂಜೆಯ ದಿನ ಅಕ್ಕ ಅಡುಗೆಮನೆಯಲ್ಲಿದ್ದಳು. ಮಂಡಲಕ್ಕೆ ಬಣ್ಣದ ತಟ್ಟೆ ಎತ್ತಿಕೊಡುವುದು ಅವಳ ಕೆಲಸ. ಕಾಯುವುದು ಭಾವನಿಗೆ ಗೊತ್ತಿಲ್ಲ, ನನ್ನನ್ನು ಕರೆದು ಕೂರಿಸಿದರು. ಗೆರೆ ಎಳೆದಾಯಿತು. "ದಳಕ್ಕೆ ಬಿಳಿ ಕೊಡು" ಎಂದು ಕೈಚಾಚಿದರು. ಹಳದಿಗೆಂದು ಅಕ್ಕಿಹಿಟ್ಟಿಗೆ ಅರಸಿನ ಬೆರೆಸಿಟ್ಟಿದ್ದ ತಟ್ಟೆಯನ್ನು ನಾನು ಎತ್ತಿಕೊಟ್ಟೆ. ಹೊಸ ಪೈಂಟಿನ ವಾಸನೆಯಲ್ಲಿ ಅರಸಿನದ ವಾಸನೆ ಹತ್ತಲಿಲ್ಲ. ಎಂಟು ದಳಗಳನ್ನೂ ಅವರು ತುಂಬಿದರು. ಗೆರೆ ಎಳ್ಳಷ್ಟೂ ದಾಟಲಿಲ್ಲ. ಬಾಗಿಲಲ್ಲಿ ನೆಂಟರು ಮುಖ ಮುಖ ನೋಡಿಕೊಂಡರು. ನನಗೆ ಹೊಟ್ಟೆ ತಂಪಾಯಿತು.

ಅಷ್ಟರಲ್ಲಿ ಅಕ್ಕ ಬಂದಳು. ಮಂಡಲ ನೋಡಿದಳು, ನನ್ನ ಪಕ್ಕದ ತಟ್ಟೆ ನೋಡಿದಳು.

"ನೀನಾ ಕೊಟ್ಟದ್ದು?"

ಭಾವನ ಕೈ ನಿಂತಿತು. "ಎಂತ ಆಯ್ತು?" ಎಂದರು. ಅವರು ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಇನ್ನು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಹಿಟ್ಟನ್ನೋ ಬೆಳಕನ್ನೋ ಬೈಯುತ್ತಾರೆ ಎಂದು ನಾನು ಕಾದೆ. ಅವರು ಬೈಯಲಿಲ್ಲ.

"ಇಷ್ಟು ದಿನ ನೀನು ಸರಿ ಕೊಡ್ತಿದ್ದೆ, ಅಲ್ವಾ?" ಎಂದು ಅಕ್ಕನನ್ನು ಕೇಳಿದರು.

"ಎರಡು ವರ್ಷದಿಂದ" ಎಂದಳು ಅಕ್ಕ. "ಕಣ್ಣು ತೋರಿಸುವ ಅಂತ ಹೇಳಿದಾಗಲೆಲ್ಲ ನೀವು ಸಿಟ್ಟು ಮಾಡ್ತಿದ್ರಿ."

ಭಾವ ನನ್ನ ಕಡೆ ತಿರುಗಿದರು. "ನೀನು ನೋಡಿಯೇ ಕೊಟ್ಟದ್ದಾ ಮುಕುಂದ?"

ಸುಳ್ಳು ಹೇಳಬಹುದಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಹೌದು" ಎಂದೆ.

"ದೇವಸ್ಥಾನಕ್ಕೆ ಫೋನ್ ಮಾಡಿ ಹೇಳು ಮನೋರಮಾ. ಈ ಸಲ ಬೇರೆ ಯಾರಾದ್ರೂ ಬರೆಯಲಿ" ಎಂದರು ಭಾವ.

ಹನ್ನೊಂದು ವರ್ಷ ಕಾದದ್ದು ಇದಕ್ಕೇ. ಯಾರೂ ನಗಲಿಲ್ಲ. ಭಾವ ಎಂಟು ದಳಗಳನ್ನೂ ಅಂಗೈಯಿಂದ ಒರೆಸಿ ಮತ್ತೆ ಗೆರೆ ಎಳೆಯತೊಡಗಿದರು. ಆಮೇಲೆ "ಬಿಳಿ ಕೊಡು" ಎಂದು ಕೈಚಾಚಿದರು. ಬಿಳಿಯ ತಟ್ಟೆ ನನ್ನ ಮೊಣಕಾಲಿನ ಬಳಿಯೇ ಇತ್ತು, ಎತ್ತಿಕೊಟ್ಟೆ. ಅವರು ಮುಟ್ಟಲಿಲ್ಲ. ಅಕ್ಕ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳುವವರೆಗೂ ಚಾಚಿದ ಕೈಯನ್ನು ಹಾಗೆಯೇ ಹಿಡಿದುಕೊಂಡು ಕುಳಿತಿದ್ದರು.