ಮಾವನಿಗೆ ಗಂಡು ನೋಡಿದ್ದು

ಮದುವೆ ಮನೆಯೆಂದರೆ ಅಟ್ಟದ ಮೇಲಿನ ಹಿತ್ತಾಳೆಗೂ ಕೆಳಗಿಳಿಯುವ ಯೋಗ. ಹೋದ ತಿಂಗಳು ಮಗಳ ಮದುವೆಗೆಂದು ಕೊಳಗ, ತಪ್ಪಲೆ, ಚೊಂಬುಗಳನ್ನೆಲ್ಲ ಹಿತ್ತಲಿಗೆ ತಂದು ಸುರುವಿಕೊಂಡು, ಹಂಡೆಯೊಲೆಯ ಬೂದಿಯನ್ನು ಜರಡಿ ಹಿಡಿಯುತ್ತ ಕುಳಿತಿದ್ದೆ. ಪಾತ್ರೆ ಬೆಳಗಲು ಬೂದಿಯೇ ಯಾಕೆ, ಅಂಗಡಿಯಲ್ಲಿ ಪುಡಿ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ. ಆದರೆ ನಮ್ಮತ್ತೆಗೆ ಅದರ ಮೇಲೆ ನಂಬಿಕೆಯಿಲ್ಲ. ಅವರು ಎದುರಿಗೆ ಹುಣಸೆಹಣ್ಣು ಕಿವುಚುತ್ತ ಕೂತಿದ್ದರು. ನುಣ್ಣನೆಯ ಬೂದಿ ಗಾಳಿಗೆ ಎದ್ದು ಮೂಗಿಗೆ ಬಡಿದದ್ದೇ ತಡ, ಇಪ್ಪತ್ತನಾಲ್ಕು ವರ್ಷದ ಹಿಂದಿನ ನನ್ನ ಕಳ್ಳತನ ನೆನಪಾಗಿ ಕೈ ನಿಂತುಬಿಟ್ಟಿತು.

ಕಳ್ಳತನವೆಂದರೆ ಬೆಳ್ಳಿ ಬಂಗಾರದ್ದಲ್ಲ. ನಾನು ಮುಚ್ಚಿಟ್ಟದ್ದು ಒಂದು ಹೆಜ್ಜೆಯ ಗುಟ್ಟನ್ನು.

ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ಹಿರೇಗುಂಟನೂರಿನ ಕಡೆ ಕುರಿ ಸಾಕಿ ಬಾಳಿದವರು. ಮಾತು ಕಡಿಮೆ, ಸಿಟ್ಟು ಧಾರಾಳ. ಒಂದು ಮಧ್ಯಾಹ್ನ ಮುದ್ದೆ ಉಂಡು ಪಡಸಾಲೆಯಲ್ಲಿ ಅಡ್ಡಾದವರು ಮತ್ತೆ ಏಳಲಿಲ್ಲ. ನಾನು ಆಗ ಮದುವೆಯಾಗಿ ವರ್ಷ ತುಂಬದ ಸೊಸೆ, ಮೂರು ತಿಂಗಳ ಬಸುರಿ. ಮಣ್ಣು ಮಾಡಿ ಬಂದ ಸಂಜೆ, ಜೀವ ಹೋದ ಜಾಗದಲ್ಲಿ ಬೂದಿ ಹರಡಿ, ಅಂಗೈಯಿಂದ ಸವರಿ, ಮೇಲೊಂದು ಬುಟ್ಟಿ ಕವುಚಿ ಹಾಕಿದರು. ಬೆಳಿಗ್ಗೆ ಬುಟ್ಟಿಯೆತ್ತಿದರೆ ಬೂದಿಯ ಮೇಲೆ ಗುರುತು ಮೂಡಿರುತ್ತದಂತೆ. ಹಕ್ಕಿಯ ಕಾಲಿದ್ದರೆ ಹಕ್ಕಿ, ಗೊರಸಿದ್ದರೆ ದನವೋ ಕುರಿಯೋ. ಹೋದವರು ಯಾವ ಜನ್ಮಕ್ಕೆ ಹೊರಟರೆಂದು ಮನೆಯವರಿಗೆ ಬಿಟ್ಟುಹೋಗುವ ವಿಳಾಸ ಅದು. ದುರ್ಗದಲ್ಲಿ ಓದಿ ಟೀಚರ್ ಟ್ರೈನಿಂಗ್ ಮುಗಿಸಿದ್ದ ನನಗೆ ಒಳಗೊಳಗೇ ನಗು.

ಅತ್ತೆಗೆ ಅದು ನಗುವ ವಿಷಯವಾಗಿರಲಿಲ್ಲ. ಪ್ರಾಯದಲ್ಲಿ ಮಾವ ಕುರಿರೊಪ್ಪಕ್ಕೆ ನುಗ್ಗಿದ ನಾಗರಹಾವೊಂದನ್ನು ಹೊಡೆದಿದ್ದರು. ಮರಿಗಳನ್ನು ಉಳಿಸಲೆಂದೇ ಹೊಡೆದದ್ದು, ನಿಜ. ಆದರೆ ಅತ್ತೆಯ ಪ್ರಕಾರ ಕರ್ಮಕ್ಕೆ ಕಾರಣ ಕೇಳುವ ಅಭ್ಯಾಸವಿಲ್ಲ. ಗಂಡ ಹಾವಾಗಿ ಹುಟ್ಟಿ, ಯಾರದೋ ರೊಪ್ಪದಲ್ಲಿ ಯಾರದೋ ದೊಣ್ಣೆಗೆ ಸಿಕ್ಕಿ ಸಾಯುತ್ತಾನೆ ಎಂಬ ಭಯವನ್ನು ಅವರು ಮೂವತ್ತು ವರ್ಷ ಸಾಕಿಕೊಂಡು ಬಂದಿದ್ದರು. ಆ ಸಂಜೆ ಅವರು ಅತ್ತದ್ದು ಗಂಡ ಹೋದನೆಂದಷ್ಟೇ ಅಲ್ಲ. ಬೆಳಿಗ್ಗೆ ಬೂದಿಯ ಮೇಲೆ ಬರೀ ಒಂದು ಗೆರೆ ಹರಿದಿದ್ದರೆ ಏನು ಗತಿ ಎಂದು.

ಇನ್ನು ನನ್ನ ಪಾಡು. ಆ ದಿನಗಳಲ್ಲಿ ನಾನು ನಿಂಬೆಹಣ್ಣೊಂದನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿದ್ದೆ. ಮೂಸಿದರೆ ಹೊಟ್ಟೆ ತೊಳಸುವುದು ತುಸು ನಿಲ್ಲುತ್ತಿತ್ತು. ಆ ಮುಂಜಾನೆ, ಇನ್ನೂ ಯಾರೂ ಎದ್ದಿರದ ಹೊತ್ತಿನಲ್ಲಿ, ನಿಲ್ಲಲಿಲ್ಲ. ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದವಳು ಬುಟ್ಟಿಗೆ ಎಡವಿದೆ. ಬುಟ್ಟಿ ಉರುಳಿತು, ನನ್ನ ಬಿಗಿಮುಷ್ಟಿ ಬೂದಿಯಲ್ಲಿ ಊರಿತು. ಏಳುವಾಗ ಇನ್ನೊಂದು ಕೈಯ ಬೆರಳ ತುದಿಗಳೂ ಅದರ ಮುಂದೆಯೇ ಊರಿದವು. ಬುಟ್ಟಿಯನ್ನು ಇದ್ದಂತೆ ಕವುಚಿ ಹೊರಗೆ ಓಡಿದೆ. ಗೋಕುಲಾಷ್ಟಮಿಗೆ ಕೆಲವರ ಮನೆಯಲ್ಲಿ ಹಿಟ್ಟಿನಲ್ಲಿ ಅದ್ದಿದ ಮುಷ್ಟಿಯೊತ್ತಿ, ಮೇಲೆ ಐದು ಚುಕ್ಕೆಯಿಟ್ಟು ಕೃಷ್ಣನ ಪುಟ್ಟ ಪಾದ ಮೂಡಿಸುತ್ತಾರೆ, ನೋಡಿದ್ದೀರಲ್ಲ? ನಾನು ಬಿದ್ದು ಮೂಡಿಸಿದ್ದೂ ಅದನ್ನೇ. ನಮ್ಮ ಮನೆಯಲ್ಲಿ ಆ ಪದ್ಧತಿ ಇದ್ದಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆ.

ಬೆಳಿಗ್ಗೆ ಮಾವನ ಅಣ್ಣ ಕನ್ನಡಕ ಏರಿಸಿಕೊಂಡು ಬುಟ್ಟಿಯೆತ್ತಿದರು. ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದರು.

"ಹಾವಲ್ಲ ತಾನೆ?" ಎಂದರು, ತಿರುಗದೆ.

"ಹಾವಲ್ಲ ಕಣಮ್ಮ. ಕೂಸಿನ ಪಾದ ಐತೆ. ಮನುಷ್ಯ ಜಲ್ಮ."

ಅತ್ತೆ ತಿರುಗಿದರು. ಮೂವತ್ತು ವರ್ಷದ ಹೆದರಿಕೆ ಒಂದು ಮುಖದಿಂದ ಇಳಿದು ಹೋಗುವುದನ್ನು ನಾನು ಅವತ್ತು ಕಂಡೆ. ಆಮೇಲೆ ಮನೆಮಂದಿಯ ಕಣ್ಣೆಲ್ಲ ನನ್ನ ಹೊಟ್ಟೆಯ ಮೇಲೆ ಬಂದು ನಿಂತವು. ನಿಜ ಹೇಳಲು ಬಾಯಿ ತೆರೆದೆ. ಅತ್ತೆಯ ಮುಖ ನೋಡಿ ಮುಚ್ಚಿದೆ.

ಆರು ತಿಂಗಳಿಗೆ ಮಾವ ಹುಟ್ಟಿದರು, ಹೆಣ್ಣಾಗಿ. ನೆಂಟರೆಲ್ಲ ಗಲಿಬಿಲಿಗೊಂಡರು. ಅತ್ತೆ ಮಾತ್ರ ಅಲುಗಲಿಲ್ಲ. "ಒಂದ್ಸಲ ಹೆಣ್ಣಾಗೂ ಬಾಳಿ ನೋಡ್ಲಿ, ಗೊತ್ತಾಗುತ್ತೆ" ಅಂದರು. ಕರ್ಮದ ಬಗ್ಗೆ ದೊಡ್ಡ ದೊಡ್ಡವರ ಉಪನ್ಯಾಸ ಕೇಳಿದ್ದೇನೆ. ಇಷ್ಟು ಸಲೀಸಾಗಿ ಯಾರೂ ತಿಳಿಸಿಕೊಟ್ಟಿಲ್ಲ.

ಅತ್ತೆ ಮೊಮ್ಮಗಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮನೆಯಲ್ಲಿ ಅವಳು 'ಯಜಮಾನ'. ಅವಳಿಗೆ ಉಣಿಸದೆ ತಾವು ಉಣ್ಣುತ್ತಿರಲಿಲ್ಲ. ಹಾಗೆಂದು ಭಕ್ತಿಯೇ ಎಲ್ಲ ಎಂದುಕೊಳ್ಳಬೇಡಿ. ಗಂಡನಿಗೆ ಎದುರಾಡದೆ ನುಂಗಿಕೊಂಡಿದ್ದ ಬೈಗುಳವೆಲ್ಲ ಈಗ ಬಡ್ಡಿ ಸಮೇತ ಹೊರಬಿತ್ತು. ಹುಡುಗಿ ತಟ್ಟೆ ತಳ್ಳಿದರೆ ಅದೇ ಕೊಬ್ಬು, ಮಾತಾಡದೆ ಕೂತರೆ ಅದೇ ಬಿಗುಮಾನ. ಹುಡುಗಿಯೇನು ಕಡಿಮೆಯೇ? ನಾನು ನಿನ್ನ ಯಜಮಾನ ಅಲ್ಲವಾ ಎಂದು ಹೆದರಿಸಿ ವಾರಕ್ಕೆರಡು ಸಲ ಐಸ್ ಕ್ಯಾಂಡಿ ಗಿಟ್ಟಿಸುತ್ತಿದ್ದಳು.

ಅವಳಿಗೆ ಹತ್ತು ವರ್ಷವಿದ್ದಾಗಿನ ಒಂದು ಮಧ್ಯಾಹ್ನ ನೆನಪಿದೆ. ತಲೆಗೆ ಎಣ್ಣೆ ಹಚ್ಚುತ್ತಿದ್ದ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು.

"ನನ್ನನ್ನ ತವರಿಗೆ ಯಾಕ್ ಕಳಿಸ್ತಿರ್ಲಿಲ್ಲ ನೀನು? ನಮ್ಮವ್ವ ಸಾಯೋ ಮುಂದೆ ಎಷ್ಟು ಕೇಳ್ದೆ."

ಹುಡುಗಿ ಎಣ್ಣೆತಲೆಯನ್ನು ಅಜ್ಜಿಯತ್ತ ತಿರುಗಿಸಿದಳು. "ತಪ್ಪಾಯ್ತು ಕಣಜ್ಜಿ" ಅಂದಳು.

ಮಾವ ಬದುಕಿನಲ್ಲಿ ಯಾರಿಗೂ ಆಡದ ಮಾತು ಅದು. ಅತ್ತೆ ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡು, ಕಣ್ಣುರಿ ಎಂದು ಸಂಜೆಯವರೆಗೆ ಒದ್ದಾಡಿದರು. ಮಾರಿಕಣಿವೆ ಅಣೆಕಟ್ಟೆ ತುಂಬಿ ಕೋಡಿ ಬಿದ್ದಾಗ ಎರಡು ಬಸ್ಸು ಬದಲಿಸಿ ಅಜ್ಜಿಯನ್ನು ನೀರು ನೋಡಲು ಕರೆದೊಯ್ದವಳೂ ಅವಳೇ. ಮಾವ ಪ್ರತಿ ವರ್ಷ, ಕುರಿ ಉಣ್ಣೆ ಕತ್ತರಿಸಿದ ಮೇಲೆ ಹೋಗಾಣ ಎನ್ನುತ್ತಿದ್ದರಂತೆ.

ಇದನ್ನೆಲ್ಲ ನೋಡುತ್ತ ನನಗೆ ಸುಖವೂ ಆಗುತ್ತಿತ್ತು, ಕಸಿವಿಸಿಯೂ ಆಗುತ್ತಿತ್ತು. ಶಾಲೆಯಲ್ಲಿ ಜೊತೆಗಿದ್ದ ಷಮೀಮ್ ಮೇಡಂ ಹತ್ತಿರ ಒಮ್ಮೆ ಬಾಯಿಬಿಟ್ಟೆ. ಅವರು ನಕ್ಕು, ನಮ್ಮಲ್ಲಿ ಇರುವುದೇ ಒಂದು ಜನ್ಮ, ಅದಕ್ಕೆ ಉತ್ತರ ಹೇಳುವುದರಲ್ಲೇ ಸಾಕಾಗುತ್ತದೆ ಎಂದರು. ಮಕ್ಕಳಿಗೆ ಬುದ್ಧನ ಪಾಠ ಮಾಡುವಾಗ ಇನ್ನೊಂದು ಇಕ್ಕಟ್ಟು. ಮನಸ್ಸಿಟ್ಟು ಮಾಡಿದ್ದೇ ಕರ್ಮ ಎಂಬುದು ಅವನ ಲೆಕ್ಕ. ಹಾಗಾದರೆ ಬಿದ್ದದ್ದು ನನ್ನ ಕರ್ಮವಲ್ಲ ಎಂದು ಒಂದು ಗಳಿಗೆ ಹಗುರಾದೆ. ಬಾಯಿ ಮುಚ್ಚಿಕೊಂಡಿದ್ದು ಮನಸ್ಸಿಟ್ಟೇ ಅಲ್ಲವೇ ಎಂದು ಹೊಳೆದು ಆ ಹಗುರವೂ ಹೋಯಿತು. ಯಾವ ಧರ್ಮದಲ್ಲೂ ನನಗೆ ಸರಿಯಾದ ಜಾಮೀನು ಸಿಗಲಿಲ್ಲ.

ಅಷ್ಟರಲ್ಲಿ ಈ ಮದುವೆ. ಹುಡುಗ ಹೊಸದುರ್ಗದಲ್ಲಿ ಪಶುವೈದ್ಯ, ಒಳ್ಳೆಯವನು. ಅತ್ತೆಗೆ ಅವನ ಮೇಲೆ ತಕರಾರಿಲ್ಲ. ತಕರಾರೆಲ್ಲ ನಮ್ಮ ಮೇಲೆ. "ಗಂಡನಿಗೆ ಗಂಡು ನೋಡೋದು ಎಲ್ಲಾದ್ರೂ ಐತಾ?" ಎಂದು ಕೇಳಿ, ಅರ್ಧ ಮುದ್ದೆಗೇ ಕೈ ತೊಳೆಯತೊಡಗಿದರು. ನಾವು ನಕ್ಕೆವು. ಆದರೆ ಮಗಳು ನಗಲಿಲ್ಲ. ಅಜ್ಜಿ ಮನಸಾರೆ ಒಪ್ಪದೆ ನಾನು ತಾಳಿ ಕಟ್ಟಿಸಿಕೊಳ್ಳುವುದಿಲ್ಲ ಎಂದು ಕೂತಳು. ಲಗ್ನಪತ್ರಿಕೆ ಆಗಲೇ ಹಂಚಿಯಾಗಿತ್ತು.

ಹಾಗಾಗಿ ಹಿತ್ತಲಲ್ಲಿ ಜರಡಿ ಕೆಳಗಿಟ್ಟು ಎಲ್ಲವನ್ನೂ ಒಪ್ಪಿಕೊಂಡೆ. ನಿಂಬೆಹಣ್ಣು, ವಾಂತಿ, ಮುಷ್ಟಿ, ಒಂದನ್ನೂ ಬಿಡಲಿಲ್ಲ. ಅವಳು ಮಾವನಲ್ಲ ಅತ್ತೆ, ನಿಮ್ಮ ಮೊಮ್ಮಗಳು ಅಷ್ಟೆ, ಅವಳನ್ನು ಕಳಿಸಿಕೊಡಿ ಎಂದೆ. ಅತ್ತೆ ಹುಣಸೆಹಣ್ಣು ಕಿವುಚುವುದನ್ನು ನಿಲ್ಲಿಸಿದರು. ಅವರ ಹಳೆಯ ಹೆದರಿಕೆಯನ್ನು ನಾನೇ ಕೈಯಾರೆ ವಾಪಸು ತಂದೆನೇನೋ ಎಂದುಕೊಂಡೆ.

"ವಾಂತಿ ಬರ್ಸಿದ್ದು ಯಾರು?" ಎಂದರು.

"ಹಾಗಂದ್ರೆ ಏನತ್ತೆ?" ಎಂದೆ.

"ಹೊಟ್ಟೆಯಾಗಿದ್ದ ಕೂಸೇ ತಾನೆ? ಅಷ್ಟಗಲ ಪಡಸಾಲೆಯಾಗೆ ನೀನು ಅಲ್ಲೇ ಯಾಕ್ ಬಿದ್ದೆ? ಹೆಜ್ಜೆ ಇಟ್ಟಿದ್ದು ಅದೇ ಕಣೆ. ನಿನ್ನ ಕೈ ಎರವಲು ತಗಂತು, ಅಷ್ಟೆ."

ಇಪ್ಪತ್ತನಾಲ್ಕು ವರ್ಷ ನಾನು ಹೊತ್ತ ಗುಟ್ಟನ್ನು ಅವರು ಎರಡೇ ಮಾತಿನಲ್ಲಿ ತಮ್ಮ ಸಾಕ್ಷಿಯಾಗಿ ಮಾಡಿಕೊಂಡರು. ನನಗೆ ಅಳಬೇಕೋ ನಗಬೇಕೋ ತಿಳಿಯದೆ, ಹಾಗಾದರೆ ಮದುವೆಯ ಗತಿಯೇನು ಎಂದು ಕೇಳಿದೆ.

"ಮದ್ವೆ ಬ್ಯಾಡ ಅಂದ್ನಾ ನಾನು?" ಅತ್ತೆ ಚೊಂಬೊಂದನ್ನು ಎಳೆದುಕೊಂಡರು. "ಅವತ್ತು ಉಂಡು ಮಲಗ್ದೋರು ಒಂದ್ ಮಾತೂ ಹೇಳ್ದಂಗೆ ಹೋದ್ರು. ಈ ಸಲ ಹೇಳಿ ಹೋಗ್ಲಿ. ನಂಗೆ ಅಷ್ಟು ಸಾಕು."

ಆ ರಾತ್ರಿ ಅವರು ಇಡೀ ಮುದ್ದೆ ಉಂಡರು. ಮಗಳಿಗೆ ನಾನು ಇಷ್ಟನ್ನೂ ಹೇಳಿದೆ.

ಮೊನ್ನೆ ಭಾನುವಾರ ಮದುವೆಯಾಯಿತು. ಕಾರು ಬಂದು ನಿಂತಾಗ ಮಗಳು ನಮ್ಮನ್ನೆಲ್ಲ ದಾಟಿ, ಪಡಸಾಲೆಯಲ್ಲಿ ಕೂತಿದ್ದ ಅಜ್ಜಿಯ ಎದುರು ಹೋಗಿ ನಿಂತಳು. ಕಾಲಿಗೆ ಬೀಳಲಿಲ್ಲ. ಅಜ್ಜಿಯ ಕೈ ಹಿಡಿದುಕೊಂಡು ನಿಧಾನವಾಗಿ, "ಹೋಗಿ ಬರ್ತೀನಿ" ಎಂದಳು.

ಅತ್ತೆ ಎದ್ದು ನಿಂತರು. "ಹುಷಾರಾಗಿ ಹೋಗಿ ಬರ್ರಿ" ಎಂದರು. ಅವಳನ್ನು ಅವರು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಪಕ್ಕದಲ್ಲಿದ್ದ ನಾನು ಏನನ್ನೂ ಯೋಚಿಸಲಿಲ್ಲ. ಮಾವನ ಎದುರು ಮಾಡುತ್ತಿದ್ದ ಹಾಗೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.